‘ಕೆಲಸಗಾರನ ನಿರ್ಲಕ್ಷ್ಯ’ ಎಂದು ಬರೆದು ಫೈಲ್ ಮುಚ್ಚುವವರಿಗೆ ಒಂದು ಬಹಿರಂಗ ಪತ್ರ

ಅಪಘಾತದ ತನಿಖಾ ವರದಿಗಳಿಗೆ ಸಹಿ ಹಾಕುವ ಎಲ್ಲ ಮಾಲೀಕರಿಗೆ, ಮ್ಯಾನೇಜರ್‌ಗಳಿಗೆ ಮತ್ತು ಸುರಕ್ಷತಾ ಅಧಿಕಾರಿಗಳಿಗೆ,

ಮಾನ್ಯರೇ,

ನಾನು 19 ವರ್ಷದಿಂದ ಯಂತ್ರ ರಿಪೇರಿ ಕೆಲಸದಲ್ಲಿದ್ದೇನೆ. ಬರವಣಿಗೆ ನನ್ನ ಕಸುಬಲ್ಲ. ಆದರೂ ಈ ಪತ್ರ ಬರೆಯಲು ಕುಳಿತಿದ್ದೇನೆ. ಒಂದು ವರದಿಯ ಕೊನೆಯ ಸಾಲು ಎಷ್ಟು ದಿನವಾದರೂ ತಲೆಯಿಂದ ಹೋಗುತ್ತಿಲ್ಲ. ‘ಅಪಘಾತಕ್ಕೆ ಕಾರಣ: ಕೆಲಸಗಾರನ ನಿರ್ಲಕ್ಷ್ಯ.’ ಇಷ್ಟೇ. ಕೆಳಗೆ ಮೂರು ಸಹಿ, ಒಂದು ಮೊಹರು.

ಆ ಕೆಲಸಗಾರ ನನ್ನ ಜೊತೆಗಾರ. ಬಲಗೈಯನ್ನು ಮೊಣಕೈಯವರೆಗೆ ಕಳೆದುಕೊಂಡವನು. ಅವನ ಹೆಸರು ಹೇಳುವುದಿಲ್ಲ, ಕಾರ್ಖಾನೆಯ ಹೆಸರೂ ಬೇಡ. ಒಂದು ಕಾರ್ಖಾನೆಯ ಮೇಲೆ ದೂರು ಹೇಳಿ ಕೈ ತೊಳೆದುಕೊಳ್ಳಲು ನಾನು ಇದನ್ನು ಬರೆಯುತ್ತಿಲ್ಲ. ಆ ಸಾಲನ್ನು ನಾನು ಬೇರೆ ಕಡೆಯ ವರದಿಗಳಲ್ಲೂ ಓದಿದ್ದೇನೆ. ಅಕ್ಷರ ಬದಲಾಗುತ್ತದೆ, ಮಾತು ಅದೇ.

ಏನು ನಡೆಯಿತು ಅಂತ ಮೊದಲು ಹೇಳುತ್ತೇನೆ. ಸಾಮಾನು ಸಾಗಿಸುವ ಉದ್ದನೆಯ ಬೆಲ್ಟ್ ಒಂದಿದೆ. ಅದರ ಕೊನೆಯ ರೋಲರ್‌ಗೆ ಒದ್ದೆ ಪುಡಿ ಮೆತ್ತಿಕೊಳ್ಳುತ್ತದೆ. ಜಾಸ್ತಿ ಮೆತ್ತಿಕೊಂಡರೆ ಬೆಲ್ಟ್ ಒಂದು ಪಕ್ಕಕ್ಕೆ ಸರಿಯುತ್ತದೆ, ಅಂಚು ಹರಿಯುತ್ತದೆ. ಹಾಗಾಗಿ ಪ್ರತಿ ಶಿಫ್ಟ್‌ನಲ್ಲೂ ಎರಡು ಮೂರು ಸಲ ಆ ಪುಡಿಯನ್ನು ಕೆರೆದು ತೆಗೆಯಬೇಕು. ಬೆಲ್ಟ್ ನಿಲ್ಲಿಸಿಯೇ ಕೆರೆಯಬೇಕು ಅಂತ ಗೋಡೆ ಮೇಲೆ ಬರೆದಿದೆ. ಆದರೆ ನಿಲ್ಲಿಸಿದರೆ ಇಡೀ ಲೈನ್ ನಿಲ್ಲುತ್ತದೆ, ಮತ್ತೆ ಶುರು ಮಾಡಲು 20 ನಿಮಿಷ ಬೇಕು. ಆ 20 ನಿಮಿಷ ಯಾಕೆ ಹೋಯಿತು ಅಂತ ಸಂಜೆ ಉತ್ತರ ಕೊಡಬೇಕಾದವನು ಶಿಫ್ಟ್‌ನ ಮುಖ್ಯಸ್ಥ. ಅವನು ಯಾವತ್ತೂ ‘ಓಡುವಾಗಲೇ ಕೆರೆಯಿರಿ’ ಅಂದವನಲ್ಲ. ‘ಲೈನ್ ನಿಲ್ಲಬಾರದು ನೋಡಿ’ ಅನ್ನುತ್ತಿದ್ದ, ಅಷ್ಟೇ. ನಮಗೆ ಅರ್ಥವಾಗುತ್ತಿತ್ತು.

ರೋಲರ್‌ಗೆ ಜಾಲರಿಯ ಗಾರ್ಡ್ ಇತ್ತು. ಆರು ಬೋಲ್ಟ್. ಬಿಚ್ಚಿ ಹಾಕಲು ಕಾಲು ಗಂಟೆ. ದಿನಕ್ಕೆ ಏಳೆಂಟು ಸಲ ಆರು ಬೋಲ್ಟ್ ಯಾರು ಬಿಚ್ಚುತ್ತಾರೆ ಹೇಳಿ? ಮೊದಲು ಎರಡು ಬೋಲ್ಟ್ ಕಳೆದವು. ಆಮೇಲೆ ನಾಲ್ಕಕ್ಕೆ ನಿಂತಿತು, ಆಮೇಲೆ ಎರಡಕ್ಕೆ. ಕೊನೆಗೆ ಗಾರ್ಡ್ ಗೋಡೆಗೆ ಒರಗಿ ಕುಳಿತಿತು. ಎರಡು ವರ್ಷ ಅಲ್ಲೇ ಇತ್ತು. ಅದರ ಪಕ್ಕದಲ್ಲೇ ಅಧಿಕಾರಿಗಳು ರೌಂಡ್ಸ್ ಬಂದರು, ಹೊರಗಿನಿಂದ ತಪಾಸಣೆಯವರು ಬಂದರು, ನಾನಂತೂ ದಿನಾ ಓಡಾಡಿದೆ. ಎಲ್ಲರೂ ನೋಡಿದೆವು, ಯಾರಿಗೂ ಕಾಣಲಿಲ್ಲ. ಒಂದು ವಸ್ತು ಒಂದೇ ಜಾಗದಲ್ಲಿ ಎರಡು ವರ್ಷ ಇದ್ದರೆ ಅದು ಗೋಡೆಯ ಭಾಗವೇ ಆಗಿಬಿಡುತ್ತದೆ.

ಇನ್ನು ಗ್ಲೌಸ್ ವಿಷಯ. ಅಪಘಾತಕ್ಕೆ ಆರು ತಿಂಗಳ ಮುಂಚೆ ಎಲ್ಲರಿಗೂ ದಪ್ಪ ಗ್ಲೌಸ್ ಕೊಟ್ಟರು. ಹಾಕದವರಿಗೆ ಎಚ್ಚರಿಕೆ ಪತ್ರ. ಒಳ್ಳೆಯ ಉದ್ದೇಶವೇ, ಇಲ್ಲ ಅನ್ನುವುದಿಲ್ಲ. ಆದರೆ ತಿರುಗುವ ಯಂತ್ರದ ಹತ್ತಿರ ಗ್ಲೌಸ್ ರಕ್ಷಣೆ ಅಲ್ಲ, ಅಪಾಯ. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತದೆ. ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಲ್ಲುವವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ಇದು. ಚೂಪಾದ ತಗಡು ಎತ್ತುವವನಿಗೂ ರೋಲರ್ ಕೆರೆಯುವವನಿಗೂ ಒಂದೇ ಆದೇಶ ಹೊರಟಿತು. ನನ್ನ ಜೊತೆಗಾರನ ಕೈಯನ್ನು ಮೊದಲು ಹಿಡಿದದ್ದು ರೋಲರ್ ಅಲ್ಲ. ರೋಲರ್ ಹಿಡಿದದ್ದು ಗ್ಲೌಸನ್ನು.

ಈಗ ‘ಎಚ್ಚರದಿಂದ ಇರಬೇಕಿತ್ತು’ ಅನ್ನುವ ಮಾತಿಗೆ ಬರೋಣ. ಆ ಬೆಲ್ಟ್ ಸೆಕೆಂಡಿಗೆ ಒಂದೂವರೆ ಮೀಟರ್ ಓಡುತ್ತಿತ್ತು. ಬೆರಳ ತುದಿಯಿಂದ ಮೊಣಕೈವರೆಗೆ ಅರ್ಧ ಮೀಟರ್ ಕೂಡ ಇಲ್ಲ. ಲೆಕ್ಕ ಹಾಕಿದರೆ ಸೆಕೆಂಡಿನ ಮೂರನೇ ಒಂದು ಭಾಗ. ಏನೋ ಆಯಿತು ಅಂತ ತಲೆಗೆ ಹೊಳೆದು ಕೈ ಹಿಂದಕ್ಕೆ ಎಳೆಯುವಷ್ಟರಲ್ಲಿ ಆ ಹೊತ್ತು ಮುಗಿದೇ ಹೋಗಿರುತ್ತದೆ. ಎಂಥ ಎಚ್ಚರದ ಮನುಷ್ಯನಿಗೂ ಅಷ್ಟೇ ಸಮಯ. ನಿಲ್ಲಿಸುವ ಕೆಂಪು ಬಟನ್ ಹತ್ತು ಹೆಜ್ಜೆ ಆಚೆ ಇತ್ತು. ಒತ್ತಿದವನು ನಾನೇ.

ತನಿಖೆ ಮೂರು ದಿನ ನಡೆಯಿತು. ಬೆಲ್ಟ್ ನಿಲ್ಲಿಸದೆ ಕೆರೆದದ್ದು ನಿಯಮದ ಉಲ್ಲಂಘನೆ, ಆದ್ದರಿಂದ ನಿರ್ಲಕ್ಷ್ಯ. ಪರಿಹಾರ ಏನು ಗೊತ್ತಾ? ಹೊಸ ಬೋರ್ಡ್. ಮೊದಲಿಗಿಂತ ದೊಡ್ಡ ಅಕ್ಷರದಲ್ಲಿ ‘ಎಚ್ಚರಿಕೆ’. ಜೊತೆಗೆ ಹತ್ತು ನಿಮಿಷದ ತರಬೇತಿ, ಹಾಜರಿ ಹಾಳೆಯಲ್ಲಿ ಎಲ್ಲರ ಸಹಿ. ಅಲ್ಲಿಗೆ ಫೈಲ್ ಮುಚ್ಚಿತು.

ಮಾನ್ಯರೇ, ಆ ಸಾಲು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅವನು ಓಡುವ ಬೆಲ್ಟ್‌ಗೆ ಕೈ ಹಾಕಿದ್ದು ನಿಜ. ಆದರೆ ತನಿಖೆ ಶುರುವಾಗಬೇಕಾದ ಜಾಗದಲ್ಲೇ ನೀವು ಅದನ್ನು ಮುಗಿಸಿದಿರಿ. ಅವನೇನು ಹುಚ್ಚನೇ? ಅವತ್ತು ಬೆಳಿಗ್ಗೆ ಕೈ ಕಳೆದುಕೊಳ್ಳಬೇಕು ಅಂತ ಮನೆ ಬಿಟ್ಟನೇ? ಆ ಕ್ಷಣದಲ್ಲಿ ಓಡುವ ಬೆಲ್ಟ್ ಕೆರೆಯುವುದೇ ಸರಿ ಅಂತ ಅವನಿಗೆ ಯಾಕೆ ಅನಿಸಿತು? ಅವನಿಗೆ ಮಾತ್ರ ಅಲ್ಲ, ಮೂರೂ ಶಿಫ್ಟ್‌ನವರಿಗೆ ಎರಡು ವರ್ಷ ಯಾಕೆ ಅನಿಸಿತು? ಈ ಪ್ರಶ್ನೆ ಕೇಳಿದ್ದರೆ 20 ನಿಮಿಷದ ಕಥೆ ಹೊರಬರುತ್ತಿತ್ತು. ಆರು ಬೋಲ್ಟ್‌ನ ಕಥೆ, ಗ್ಲೌಸ್ ಆದೇಶದ ಕಥೆ ಹೊರಬರುತ್ತಿದ್ದವು. ಅವುಗಳಲ್ಲಿ ಒಂದಕ್ಕೂ ನನ್ನ ಜೊತೆಗಾರ ಸಹಿ ಹಾಕಿರಲಿಲ್ಲ.

ನನ್ನ ತಪ್ಪನ್ನೂ ಇಲ್ಲಿ ಹೇಳಬೇಕು, ಹೇಳದಿದ್ದರೆ ಈ ಪತ್ರಕ್ಕೆ ಬೆಲೆ ಇಲ್ಲ. ಅವನ ಅಪಘಾತಕ್ಕೆ ಸುಮಾರು ಒಂದು ತಿಂಗಳ ಮುಂಚೆ ಅದೇ ರೋಲರ್ ನನ್ನ ಗ್ಲೌಸನ್ನು ಎಳೆದುಕೊಂಡಿತ್ತು. ನನ್ನ ಅದೃಷ್ಟ, ಗ್ಲೌಸ್ ಸಡಿಲವಾಗಿತ್ತು, ಕಳಚಿಕೊಂಡು ಹೋಯಿತು. ಹರಿದ ಗ್ಲೌಸ್ ಬೆಲ್ಟ್‌ನ ಆ ತುದಿಯಲ್ಲಿ ಬಿದ್ದಿತ್ತು. ಎತ್ತಿಕೊಂಡು ಕಸಕ್ಕೆ ಹಾಕಿದೆ. ಸ್ಟೋರ್‌ನಲ್ಲಿ ‘ಕಳೆದುಹೋಯಿತು’ ಅಂತ ಬರೆಸಿ ಹೊಸದು ತಂದೆ. ಯಾರಿಗೂ ಹೇಳಲಿಲ್ಲ. ಯಾಕೆ? ಅದಕ್ಕೂ ಹಿಂದೆ ಇನ್ನೊಬ್ಬ ಹೇಳಿದ್ದ. ಸ್ವಲ್ಪದರಲ್ಲಿ ತಪ್ಪಿತು ಸಾರ್ ಅಂದಿದ್ದ. ಅವನಿಗೆ ಸಿಕ್ಕಿದ್ದು ಮೆಮೊ. ಬೆಲ್ಟ್ ನಿಲ್ಲಿಸದೆ ಕೆಲಸ ಮಾಡಿದ್ದಕ್ಕೆ ವಿವರಣೆ ಕೊಡಿ ಅಂತ. ಅದಾದ ಮೇಲೆ ನಮ್ಮ ವಿಭಾಗದಲ್ಲಿ ಯಾರಿಗೂ ಏನೂ ಸ್ವಲ್ಪದರಲ್ಲಿ ತಪ್ಪಲಿಲ್ಲ. ಕಾಗದದ ಮೇಲೆ ನಾವು ತುಂಬಾ ಸುರಕ್ಷಿತರಾಗಿಬಿಟ್ಟೆವು. ಬಾಗಿಲ ಬಳಿಯ ಫಲಕದಲ್ಲಿ ‘ಅಪಘಾತವಿಲ್ಲದ ದಿನಗಳು’ ಏರುತ್ತಲೇ ಹೋದವು.

ಆ ಹರಿದ ಗ್ಲೌಸ್ ನಿಮ್ಮ ಮೇಜಿನ ಮೇಲೆ ಬಂದಿದ್ದರೆ ಅವನ ಕೈ ಉಳಿಯುತ್ತಿತ್ತೇನೋ. ಈ ‘ಏನೋ’ ಇಟ್ಟುಕೊಂಡೇ ನಾನು ಮಲಗುತ್ತೇನೆ.

ವಿಮಾನ ಹಾರಿಸುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡರು. ಅಮೆರಿಕದಲ್ಲಿ 1976ರಿಂದ ಒಂದು ವ್ಯವಸ್ಥೆ ಇದೆ. ಪೈಲಟ್ ಆಗಲಿ, ನೆಲದ ಮೇಲಿಂದ ವಿಮಾನಗಳಿಗೆ ದಾರಿ ಹೇಳುವವರಾಗಲಿ, ತಮ್ಮ ಕೈಯಿಂದಲೇ ಆದ ತಪ್ಪನ್ನು, ಸ್ವಲ್ಪದರಲ್ಲಿ ತಪ್ಪಿದ ಅಪಾಯವನ್ನು ಬರೆದು ಕಳಿಸಬಹುದು. ಆ ಪತ್ರಗಳನ್ನು ತೆಗೆದುಕೊಳ್ಳುವುದು ಲೈಸೆನ್ಸ್ ಕಿತ್ತುಕೊಳ್ಳುವ ಅಧಿಕಾರ ಇರುವ ಇಲಾಖೆಯಲ್ಲ, ನಾಸಾ. ಕಳಿಸಿದವರ ಹೆಸರು ಅಳಿಸಿಹಾಕುತ್ತಾರೆ. ಬೇಕಂತಲೇ ಮಾಡಿದ ತಪ್ಪಲ್ಲದಿದ್ದರೆ, ಹತ್ತು ದಿನದೊಳಗೆ ಬರೆದು ತಿಳಿಸಿದವರಿಗೆ ಸಾಮಾನ್ಯವಾಗಿ ದಂಡನೆಯಿಂದ ವಿನಾಯಿತಿಯೂ ಉಂಟು. ಶಿಕ್ಷೆ ಕೊಡುವವನ ಕೈಗೇ ಯಾರೂ ತಪ್ಪೊಪ್ಪಿಗೆ ಕೊಡುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ನಮ್ಮಲ್ಲಿ ಮೆಮೊ ಬರೆಯುವವರ ಟೇಬಲ್ ಮೇಲೇ ಸಲಹಾ ಪೆಟ್ಟಿಗೆ ಇಟ್ಟಿದ್ದಾರೆ.

ಅಪಾಯ ತಗ್ಗಿಸುವುದಕ್ಕೆ ಒಂದು ಕ್ರಮ ಇದೆ. ಇದು ನನ್ನ ಸಂಶೋಧನೆ ಅಲ್ಲ, ಸುರಕ್ಷತೆಯ ಕೋರ್ಸ್ ಮಾಡಿದ ಪ್ರತಿಯೊಬ್ಬರೂ ಓದಿರುವುದೇ. ಮೊದಲು ಅಪಾಯವನ್ನೇ ಇಲ್ಲವಾಗಿಸಿ. ಆಗದಿದ್ದರೆ ಕಡಿಮೆ ಅಪಾಯದ್ದನ್ನು ಅದರ ಜಾಗಕ್ಕೆ ತನ್ನಿ. ಅದೂ ಆಗದಿದ್ದರೆ ಮನುಷ್ಯನಿಗೂ ಅಪಾಯಕ್ಕೂ ನಡುವೆ ಗಟ್ಟಿಯಾದದ್ದೇನಾದರೂ ನಿಲ್ಲಿಸಿ. ಆಮೇಲೆ ನಿಯಮ, ಬೋರ್ಡ್, ತರಬೇತಿ. ಎಲ್ಲಕ್ಕಿಂತ ಕೊನೆಗೆ ಹೆಲ್ಮೆಟ್ಟು, ಗ್ಲೌಸು. ಮೇಲಿನದು ಗಟ್ಟಿ, ಕೆಳಗಿನದು ಸಡಿಲ. ಯಾಕೆಂದರೆ ಕೆಳಗೆ ಇಳಿದಷ್ಟೂ ಎಲ್ಲವೂ ಒಬ್ಬ ಮನುಷ್ಯನ ನೆನಪು, ನಿದ್ದೆ, ಮನಸ್ಸಿನ ಮೇಲೆ ನಿಂತಿರುತ್ತದೆ. ಶಿಫ್ಟ್‌ನ ಏಳನೇ ಗಂಟೆಯಲ್ಲಿ ಅವು ಮೂರೂ ಹೇಗಿರುತ್ತವೆ ಅಂತ ನಮ್ಮನ್ನು ಕೇಳಿ.

ನಮ್ಮ ಬೆಲ್ಟ್‌ಗೇ ಇದನ್ನು ಹೊಂದಿಸಿ ನೋಡಿ. ಪುಡಿ ರೋಲರ್ ತಲುಪುವ ಮೊದಲೇ ಬೆಲ್ಟ್‌ನಿಂದ ಅದನ್ನು ಒರೆಸಿಹಾಕುವ ಪಟ್ಟಿ ಸಿಗುತ್ತದೆ. ಹಾಕಿದರೆ ಕೈಯಿಂದ ಕೆರೆಯುವ ಕೆಲಸವೇ ಬಹುಪಾಲು ಹೋಗುತ್ತದೆ. ಆಮೇಲೂ ಅಪರೂಪಕ್ಕೆ ಕೆರೆಯಬೇಕು ಅಂದರೆ, ಆರು ಬೋಲ್ಟ್‌ನ ಜಾಲರಿ ಬದಲು ಕೀಲು ಇರುವ ಬಾಗಿಲು ಹಾಕಿ, ತೆರೆದ ತಕ್ಷಣ ಮೋಟರ್ ನಿಲ್ಲುವ ಸ್ವಿಚ್ ಕೂರಿಸಿ. ಒಳಗೆ ಕೈ ಹಾಕುವವನು ಮೇನ್ ಸ್ವಿಚ್ ಆಫ್ ಮಾಡಿ ಅದಕ್ಕೆ ತನ್ನದೇ ಬೀಗ ಹಾಕಲಿ, ಕೀಲಿಕೈ ಅವನ ಜೇಬಿನಲ್ಲೇ ಇರಲಿ. ಮೂರು ಜನ ಒಳಗಿದ್ದರೆ ಮೂರು ಬೀಗ. ಮೂವರೂ ಹೊರಬಂದು ಬೀಗ ತೆಗೆಯುವವರೆಗೆ ಯಂತ್ರ ಓಡಬಾರದು, ಯಾರೇ ಹೇಳಿದರೂ. ಇಷ್ಟೂ ಬಿಟ್ಟು ನೀವು ನೇರವಾಗಿ ಕೊನೆಯ ಎರಡು ಮೆಟ್ಟಿಲಿಗೆ ಹೋದಿರಿ, ಬೋರ್ಡ್ ಮತ್ತು ಗ್ಲೌಸ್. ಅದರಲ್ಲೂ ಗ್ಲೌಸ್ ತಪ್ಪು.

ಶಿಫ್ಟ್ ಬದಲಾಗುವ ಹೊತ್ತಿನ ಬಗ್ಗೆಯೂ ಎರಡು ಮಾತು. ಹೋಗುವವನಿಗೆ ಮನೆಯ ಅವಸರ, ಬರುವವನು ಇನ್ನೂ ಪೂರ್ತಿ ಎಚ್ಚರಾಗಿರುವುದಿಲ್ಲ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ಎಂಬ ತೈಲ ವೇದಿಕೆಯಲ್ಲಿ 167 ಜನ ಸತ್ತರು. ಹಗಲು ಶಿಫ್ಟ್‌ನವರು ಒಂದು ಪಂಪಿನ ಸುರಕ್ಷತಾ ಕವಾಟವನ್ನು ರಿಪೇರಿಗೆ ಬಿಚ್ಚಿದ್ದರು. ಕೆಲಸ ಮುಗಿಯಲಿಲ್ಲ, ಆ ಜಾಗಕ್ಕೆ ತಾತ್ಕಾಲಿಕ ಮುಚ್ಚಳ ಹಾಕಿಟ್ಟರು. ಪಂಪ್ ಓಡಿಸಬಾರದು ಎಂಬ ಸಂಗತಿ ರಾತ್ರಿಯವರಿಗೆ ತಲುಪಲಿಲ್ಲ. ಇನ್ನೊಂದು ಪಂಪ್ ಕೈಕೊಟ್ಟಾಗ ಅವರು ಇದನ್ನು ಚಾಲೂ ಮಾಡಿದರು. ಅನಿಲ ಸೋರಿತು, ಬೆಂಕಿ ಹತ್ತಿತು. ಒಂದು ಕಾಗದ, ಎರಡು ನಿಮಿಷದ ಮಾತು, ಅಷ್ಟೇ ಬೇಕಿದ್ದದ್ದು. ನಾನು ಕಂಡ ಕಡೆಯೆಲ್ಲ ಶಿಫ್ಟ್ ವಹಿಸಿಕೊಡುವುದು ಎಂದರೆ ಬಟ್ಟೆ ಬದಲಿಸುವ ಕೋಣೆಯಲ್ಲಿ ‘ಎಲ್ಲ ಸರಿ ಇದೆಯಾ’, ‘ಹೂಂ, ಸರಿ ಇದೆ’. ಆ ಮಾತುಕತೆಗೆ ಹತ್ತು ನಿಮಿಷ ಸಂಬಳದ ಸಮಯ ಕೊಡಿ. ಯಂತ್ರದ ಮುಂದೆಯೇ ನಿಂತು ವಹಿಸಿಕೊಡಲಿ.

ಇನ್ನೊಂದು ಅಪಾಯ ನೋಡಲು ಅಪಾಯದ ಹಾಗೆ ಕಾಣುವುದೇ ಇಲ್ಲ. ಟ್ಯಾಂಕು, ಗುಂಡಿ, ಆಳದ ಚೇಂಬರ್. ಮೇಲಿನಿಂದ ನೋಡಿದರೆ ಖಾಲಿ ಜಾಗ. ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಭಾಗ ಇರಬೇಕು, ಒಳಗೆ ಎಷ್ಟಿದೆ ಅಂತ ಕಣ್ಣಿಗೆ ಕಾಣಲ್ಲ. ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್ ಇದೆಯಲ್ಲ, ಅದು ಜಾಸ್ತಿಯಾದರೆ ಮೂಗೇ ಸತ್ತುಹೋಗುತ್ತದೆ. ವಾಸನೆ ನಿಂತಿತು, ಇನ್ನು ಇಳಿಯಬಹುದು ಅಂದುಕೊಂಡವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ, ಆಮೇಲೆ ಮತ್ತೊಬ್ಬ. ಇಂಥ ಜಾಗಗಳಲ್ಲಿ ಸತ್ತವರಲ್ಲಿ 60 ಶೇಕಡಕ್ಕಿಂತ ಹೆಚ್ಚು ಜನ ಕಾಪಾಡಲು ಹೋದವರೇ ಎಂದು ಅಮೆರಿಕದ ಕೆಲಸದ ಸುರಕ್ಷತೆಯ ಸಂಶೋಧನಾ ಸಂಸ್ಥೆ 1986ರಲ್ಲೇ ಬರೆದಿತ್ತು. ಅವರನ್ನೂ ನಿರ್ಲಕ್ಷ್ಯದ ಪಟ್ಟಿಗೆ ಸೇರಿಸುತ್ತೀರಾ? ಇಳಿಯುವ ಮೊದಲು ಗಾಳಿ ಅಳೆಯುವ ಉಪಕರಣ, ಮೇಲಿನಿಂದಲೇ ಎಳೆದುಕೊಳ್ಳುವ ಹಗ್ಗ ಮತ್ತು ಇಡೀ ಮೈಗೆ ಕಟ್ಟುವ ಪಟ್ಟಿ, ಮೇಲೆ ಕಾವಲಿಗೆ ಒಬ್ಬ. ಇವು ಇಲ್ಲದೆ ಯಾರನ್ನೂ ಇಳಿಸಬೇಡಿ. ಇಳಿಯುವವನು ತಾನಾಗಿ ‘ಬೇಡ’ ಅನ್ನಲಿ ಅಂತ ಕಾಯಬೇಡಿ.

ಬೇಡ ಅನ್ನುವ ಹಕ್ಕಿನ ಬಗ್ಗೆ ಹೇಳಲೇಬೇಕು. 2013ರ ಏಪ್ರಿಲ್ 23ರಂದು ಬಾಂಗ್ಲಾದೇಶದ ರಾಣಾ ಪ್ಲಾಜಾ ಕಟ್ಟಡದಲ್ಲಿ ದೊಡ್ಡ ಬಿರುಕುಗಳು ಕಂಡವು. ಅದೇ ಕಟ್ಟಡದ ಕೆಳಗಿದ್ದ ಬ್ಯಾಂಕು ತನ್ನ ಸಿಬ್ಬಂದಿಯನ್ನು ಹೊರಗೆ ಕಳಿಸಿತು. ಮೇಲಿನ ಮಹಡಿಗಳ ಬಟ್ಟೆ ಕಾರ್ಖಾನೆಗಳ ಕೆಲಸಗಾರರನ್ನು ಮರುದಿನ ಬೆಳಿಗ್ಗೆ ಮತ್ತೆ ಒಳಗೆ ಕರೆದರು. ಬಹಳ ಜನ ಹಿಂದೇಟು ಹಾಕಿದರು. ಸಂಬಳ ಹೋಗುತ್ತದೆ ಅಂತ ಹೆದರಿಸಿದರು. ಕಟ್ಟಡ ಬಿತ್ತು, ಸತ್ತವರು 1,100ಕ್ಕೂ ಹೆಚ್ಚು. ಅಪಾಯವನ್ನು ಗುರುತಿಸಲು ಅಲ್ಲಿ ಎಂಜಿನಿಯರೇ ಬೇಕಿರಲಿಲ್ಲ, ಬಿರುಕು ಎಲ್ಲರ ಕಣ್ಣಿಗೂ ಕಂಡಿತ್ತು. ಕಂಡದ್ದನ್ನು ಹೇಳಿ ಹೊರಗೇ ನಿಲ್ಲುವ ಧೈರ್ಯಕ್ಕೆ ಬೆಲೆ ಕಟ್ಟಬೇಕಾಗಿ ಬಂತು, ಕಟ್ಟಲು ಅವರ ಬಳಿ ದುಡ್ಡಿರಲಿಲ್ಲ. ಜೀವಕ್ಕೆ ಗಂಭೀರ ಅಪಾಯ ಇದೆ ಎಂದು ನಂಬಲು ಕಾರಣ ಇದ್ದು ಕೆಲಸದ ಜಾಗದಿಂದ ಹೊರಬಂದವನಿಗೆ ತೊಂದರೆ ಕೊಡಬಾರದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1981ರ ಒಪ್ಪಂದದಲ್ಲೇ ಇದೆ. 155ನೇ ಒಪ್ಪಂದ, 13ನೇ ವಿಧಿ. ನಾನು ಕೆಲಸ ಮಾಡಿದ ಒಂದು ಕಡೆಯೂ ಇದನ್ನು ಬೋರ್ಡ್ ಮೇಲೆ ಬರೆದದ್ದು ನೋಡಿಲ್ಲ. ಬೋರ್ಡ್ ಮೇಲೆ ಅಷ್ಟು ಪ್ರೀತಿ ಇರುವವರು ಇದನ್ನೂ ಒಂದು ಬರೆಸಬಹುದಿತ್ತು, ಅಲ್ವಾ?

ನಿಮ್ಮನ್ನಷ್ಟೇ ಬೈಯುವುದು ನ್ಯಾಯವಲ್ಲ. ಮನೆಯಲ್ಲಿ ನಾವೂ ಇದೇ ವರದಿ ಬರೆಯುತ್ತೇವೆ. ನೀರಿನ ಬಾಟಲಿಯಲ್ಲಿ ಆ್ಯಸಿಡ್ ತುಂಬಿಡುತ್ತೇವೆ, ಮಗು ಕುಡಿದರೆ ಮಗುವಿನ ತಪ್ಪು. ಸ್ಟೂಲ್ ಮೇಲೆ ಕುರ್ಚಿ ಇಟ್ಟು ಬಲ್ಬ್ ಬದಲಿಸುತ್ತೇವೆ, ಬಿದ್ದರೆ ಕಾಲು ಜಾರಿತು. ನಾನೂ ಮೊದಲು ಹಾಗೆಯೇ. ಅಪಘಾತವಾದ ಮೇಲೆ ಮನೆಗೆ ಹೋಗಿ ಮೊದಲು ಮಾಡಿದ್ದು, ಬಚ್ಚಲು ತೊಳೆಯುವ ಆ್ಯಸಿಡ್ ಮತ್ತು ಬ್ಲೀಚ್ ಒಂದೇ ಕಡೆ ಇದ್ದದ್ದನ್ನು ಬೇರೆ ಮಾಡಿದ್ದು. ಅವೆರಡು ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ. ‘ಎರಡನ್ನೂ ಬೆರೆಸಬೇಡಿ’ ಅಂತ ಮನೆಯವರಿಗೆ ಹತ್ತು ಸಲ ಹೇಳುವುದಕ್ಕಿಂತ ಒಂದನ್ನು ತರುವುದೇ ಬಿಟ್ಟೆ. ಆಮೇಲೆ ಕರೆಂಟ್ ಸೋರಿದರೆ ಕಡಿದುಹಾಕುವ, 30 ಮಿಲಿಆಂಪಿಯರ್‌ನ ಸ್ವಿಚ್ ಹಾಕಿಸಿದೆ. ಫ್ಯೂಸ್ ಇರುವುದು ತಂತಿ ಸುಡದಿರಲಿ ಅಂತ. ಒದ್ದೆ ಕೈಯ ಮನುಷ್ಯನನ್ನು ಉಳಿಸುವಷ್ಟು ಚುರುಕು ಅದಕ್ಕಿಲ್ಲ. ಇಷ್ಟು ವರ್ಷ ಯಂತ್ರ ರಿಪೇರಿ ಮಾಡಿದವನಿಗೆ ಇದು ಮನೆಯಲ್ಲಿ ಹೊಳೆಯಲು ಒಂದು ಕೈ ಹೋಗಬೇಕಾಯಿತು.

ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ರಸ್ತೆಗಳ ಬಗ್ಗೆ ಒಂದು ನೀತಿ ಒಪ್ಪಿಕೊಂಡಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಸಾವು ಶಿಕ್ಷೆಯಾಗದಂತೆ ರಸ್ತೆ ಕಟ್ಟಬೇಕು ಅನ್ನುವುದು ಅದರ ಸಾರ. ಓಡಿಸುವವನ ಜೊತೆಗೆ ರಸ್ತೆ ಕಟ್ಟಿದವನೂ ಉತ್ತರ ಕೊಡಬೇಕು. ಎದುರುಬದುರು ಬರುವ ವಾಹನಗಳ ನಡುವೆ ತಡೆ ಹಾಕಿದರು, ಜನ ನಡೆದಾಡುವ ಕಡೆ ವೇಗ ಇಳಿಸಿದರು. ಚಾಲಕರೆಲ್ಲ ಬುದ್ಧಿವಂತರಾಗಲಿ ಅಂತ ಕಾಯುತ್ತಾ ಕೂರಲಿಲ್ಲ.

ನಾನು ಕೇಳುವುದು ಇಷ್ಟು. ಅಪಘಾತದ ವರದಿ ‘ನಿರ್ಲಕ್ಷ್ಯ’ ಎಂಬ ಪದದಲ್ಲಿ ಮುಗಿಯಬಾರದು. ಆ ಪದ ಬರೆಯಲೇಬೇಕಾದರೆ ಅದರ ಕೆಳಗೆ ಇನ್ನೊಂದು ಪುಟ ಇರಲಿ. ಅದೇ ತಪ್ಪನ್ನು ನಾಳೆ ಬೇರೆಯವನು ಮಾಡಿದರೂ ಕೈ ಉಳಿಯುವ ಹಾಗೆ ಯಂತ್ರದಲ್ಲಿ ಏನು ಬದಲಾಯಿಸಿದಿರಿ ಅಂತ ಬರೆಯಿರಿ. ಬೋರ್ಡ್ ಹಾಕಿದೆವು ಅನ್ನುವುದು ಉತ್ತರ ಅಲ್ಲ. ತನಿಖಾ ತಂಡದಲ್ಲಿ ಅದೇ ಯಂತ್ರದ ಮೇಲೆ ಕೆಲಸ ಮಾಡುವ ಒಬ್ಬರಾದರೂ ಇರಲಿ, ನಿಮ್ಮ ಮೂರು ಸಹಿಯ ಪಕ್ಕ ಅವರದೂ ಒಂದು ಸಹಿ ಇರಲಿ. ಸ್ವಲ್ಪದರಲ್ಲಿ ತಪ್ಪಿದ್ದನ್ನು ಬರೆಯಲು ಒಂದು ಪುಸ್ತಕ ಇಡಿ. ಅದರಲ್ಲಿ ಬರೆದದ್ದಕ್ಕೆ ಯಾರಿಗೂ ಮೆಮೊ ಇಲ್ಲ ಎಂದು ಲಿಖಿತವಾಗಿ ಕೊಡಿ. ಬರೆದದ್ದಕ್ಕೆ ಏನು ಮಾಡಿದಿರಿ ಎಂಬುದನ್ನೂ ಅದೇ ಪುಟದಲ್ಲಿ ಬರೆಯಿರಿ, ಇಲ್ಲದಿದ್ದರೆ ಎರಡನೇ ತಿಂಗಳಿಗೆ ಆ ಪುಸ್ತಕ ಖಾಲಿಯೇ ಇರುತ್ತದೆ. ಬಾಗಿಲ ಬಳಿಯ ‘ಅಪಘಾತವಿಲ್ಲದ ದಿನಗಳು’ ಫಲಕ ತೆಗೆದುಬಿಡಿ. ಆ ಸಂಖ್ಯೆ ಸೊನ್ನೆ ಆಗದಿರಲಿ ಅಂತ ಗಾಯ ಮುಚ್ಚಿಟ್ಟುಕೊಂಡು ಮನೆಗೆ ಹೋದವರು ನನಗೆ ಗೊತ್ತು.

ನೀವು ರೌಂಡ್ಸ್ ಬರುವಾಗ ಗೋಡೆಗೆ ಒರಗಿದ ಗಾರ್ಡ್ ಕಂಡರೆ ಅದನ್ನು ಬಿಚ್ಚಿದವನು ಯಾರು ಅಂತ ಕೇಳಬೇಡಿ. ಯಾಕೆ ಬಿಚ್ಚಬೇಕಾಯಿತು ಅಂತ ಕೇಳಿ. ಮೊದಲ ಪ್ರಶ್ನೆಗೆ ನಿಮಗೆ ಒಂದು ಹೆಸರು ಸಿಗುತ್ತದೆ. ಎರಡನೆಯದಕ್ಕೆ ಆರು ಬೋಲ್ಟ್ ಸಿಗುತ್ತವೆ.

ನನ್ನ ಜೊತೆಗಾರನ ಫೈಲ್ ಮತ್ತೆ ತೆರೆಯಿರಿ. ತೆರೆಯುವ ದಿನ ನನ್ನನ್ನು ಕರೆಯಿರಿ. ಹರಿದ ಗ್ಲೌಸಿನ ಹೇಳಿಕೆಯನ್ನು ಬರೆದು ಇಟ್ಟುಕೊಂಡಿದ್ದೇನೆ, ಕೆಳಗೆ ನನ್ನ ಸಹಿ ಇದೆ. ಅದಕ್ಕೆ ಮೆಮೊ ಕೊಡುವುದಿದ್ದರೆ ಕೊಡಿ, ತೆಗೆದುಕೊಳ್ಳುತ್ತೇನೆ.

ಇಂತಿ ತಮ್ಮ,
ಯಂತ್ರ ರಿಪೇರಿ ವಿಭಾಗದ ಒಬ್ಬ ಕೆಲಸಗಾರ